ಪೇಟೆಂಟ್ ಕಡತವೋ, ಕೋರ್ಟ್ ಕಟ್ಟೆಯೋ, ಕಂಪನಿಯ ಮೇಜೋ: ಬೌದ್ಧಿಕ ಸ್ವತ್ತು ಮತ್ತು ತಂತ್ರಜ್ಞಾನ ಕಾನೂನಿನಲ್ಲಿ ದಾರಿ ಆರಿಸುವವರಿಗೆ

ಬೌದ್ಧಿಕ ಸ್ವತ್ತು ಮತ್ತು ತಂತ್ರಜ್ಞಾನ ಕಾನೂನಿನಲ್ಲಿ ವಕೀಲಿಕೆ ಮಾಡಬೇಕೆಂದಿರುವ ಯುವಕ ಯುವತಿಯರು ಕೇಳುವ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ: ಈ ಕ್ಷೇತ್ರಕ್ಕೆ ಭವಿಷ್ಯವಿದೆಯೇ? ಇದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಉತ್ತರದಿಂದ ಯಾರಿಗೂ ದಾರಿ ತಿಳಿಯುವುದಿಲ್ಲ, ಏಕೆಂದರೆ ಈ ಒಂದು ಹೆಸರಿನ ಅಡಿಯಲ್ಲಿ ಒಂದಕ್ಕೊಂದು ಹೋಲದ ಹಲವು ಉದ್ಯೋಗಗಳಿವೆ. ಪೇಟೆಂಟ್ ಅರ್ಜಿಯ ಕರಡು ಬರೆಯುವವರು ವಾರಗಟ್ಟಲೆ ನ್ಯಾಯಾಲಯದ ಮುಖ ನೋಡದೆ ಇರಬಹುದು. ತಡೆಯಾಜ್ಞೆಗಾಗಿ ವಾದಿಸುವವರಿಗೆ ಬೆಳಗಿನ ಪ್ರಕರಣ ಪಟ್ಟಿಯೇ ದಿನವನ್ನು ನಿರ್ಧರಿಸುತ್ತದೆ. ಕಂಪನಿಯೊಳಗಿನ ವಕೀಲರ ಬಹುಪಾಲು ಸಮಯ ಇಂಜಿನಿಯರುಗಳೊಂದಿಗೂ ಖರೀದಿ ವಿಭಾಗದವರೊಂದಿಗೂ ನಡೆಸುವ ಸಭೆಗಳಲ್ಲಿ ಕಳೆಯುತ್ತದೆ. ಆದ್ದರಿಂದ ಕ್ಷೇತ್ರವನ್ನು ಆರಿಸುವುದಕ್ಕಿಂತ, ಆ ಕ್ಷೇತ್ರದೊಳಗೆ ಯಾವ ಕೆಲಸ ಎಂಬುದನ್ನು ಆರಿಸುವುದು ಹೆಚ್ಚು ಮುಖ್ಯ. ಕಾನೂನು ಪದವಿಯ ಕೊನೆಯ ವರ್ಷದಲ್ಲಿರುವವರು, ಸನ್ನದು (ವಕೀಲಿಕೆಯ ಅನುಮತಿ) ಪಡೆದು ಒಂದೆರಡು ವರ್ಷವಾದವರು, ಇಂಜಿನಿಯರಿಂಗ್ ಬಿಟ್ಟು ಇತ್ತ ಬರಲು ಯೋಚಿಸುತ್ತಿರುವವರು, ಈ ಮೂರು ಬಗೆಯ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು, ಬೆಂಗಳೂರನ್ನು ಕೇಂದ್ರವಾಗಿರಿಸಿ, ಈ ಹೋಲಿಕೆಯನ್ನು ಬರೆದಿದ್ದೇನೆ.

ಮೊದಲು ಅಳತೆಗೋಲುಗಳು

ಮೊದಲನೆಯದು ನಿಮ್ಮ ಮೂಲ ಪದವಿ. ಕಾನೂನಿನ ಉಳಿದ ಶಾಖೆಗಳಲ್ಲಿ ಬಿಎ ಓದಿದ್ದೀರೋ ಬಿಎಸ್ಸಿ ಓದಿದ್ದೀರೋ ಎಂದು ಯಾರೂ ವಿಚಾರಿಸುವುದಿಲ್ಲ. ಇಲ್ಲಿ ಅದು ಒಂದು ಬಾಗಿಲನ್ನು ತೆರೆಯುತ್ತದೆ ಅಥವಾ ಮುಚ್ಚುತ್ತದೆ. 1970ರ ಪೇಟೆಂಟ್ ಕಾಯಿದೆಯ 126ನೆಯ ಕಲಮಿನ ಪ್ರಕಾರ ಪೇಟೆಂಟ್ ಏಜೆಂಟ್ ಆಗಿ, ಅಂದರೆ ಬೇರೆಯವರ ಪರವಾಗಿ ಪೇಟೆಂಟ್ ಅರ್ಜಿ ನಡೆಸುವವರಾಗಿ, ನೋಂದಾಯಿಸಿಕೊಳ್ಳಲು ವಿಜ್ಞಾನ, ಇಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಬೇಕು. ಎಷ್ಟೇ ಒಳ್ಳೆಯ ಕಾನೂನು ಶಾಲೆಯಲ್ಲಿ ಐದು ವರ್ಷದ ಬಿಎ ಎಲ್‌ಎಲ್‌ಬಿ ಮಾಡಿದ್ದರೂ ಆ ಪದವಿಯೊಂದರ ಬಲದಿಂದ ಪೇಟೆಂಟ್ ಏಜೆಂಟ್ ಪರೀಕ್ಷೆಗೆ ಕೂರಲು ಬರುವುದಿಲ್ಲ.

ಎರಡನೆಯದು ಮೊದಲ ಐದು ವರ್ಷಗಳ ಆದಾಯ. ಹತ್ತನೆಯ ವರ್ಷದಲ್ಲಿ ಎಷ್ಟು ಸಿಗಬಹುದು ಎಂಬ ಲೆಕ್ಕಕ್ಕಿಂತ, ಮೊದಲ ಐದು ವರ್ಷ ಬಾಡಿಗೆ ಕಟ್ಟಿ, ಶೈಕ್ಷಣಿಕ ಸಾಲ ತೀರಿಸಿ, ಮನೆಗೆ ಒಂದಿಷ್ಟು ಕಳುಹಿಸಲು ಆಗುತ್ತದೆಯೇ ಎಂಬ ಲೆಕ್ಕವೇ ಬಹಳಷ್ಟು ಜನರ ದಾರಿಯನ್ನು ನಿರ್ಧರಿಸುತ್ತದೆ. ಇದನ್ನು ಹೇಳಿಕೊಳ್ಳಲು ಸಂಕೋಚಪಡಬೇಕಾಗಿಲ್ಲ. ಮೂರನೆಯದು ಊರು: ಬೆಂಗಳೂರಿನಲ್ಲೇ ಇರಬೇಕೇ, ದೆಹಲಿಗೋ ಚೆನ್ನೈಗೋ ಹೋಗಲು ಸಿದ್ಧರೇ, ಅಥವಾ ಹುಬ್ಬಳ್ಳಿ, ಮಂಗಳೂರು, ದಾವಣಗೆರೆಯಲ್ಲಿ ನೆಲೆಯೂರುವ ಇಚ್ಛೆಯೇ? ನಾಲ್ಕನೆಯದು ಹಿಂದಿರುಗುವ ದಾರಿ: ಆರಿಸಿಕೊಂಡದ್ದು ಹೊಂದಿಕೆಯಾಗದಿದ್ದರೆ ಮೂರು ವರ್ಷದ ನಂತರ ಮತ್ತೊಂದಕ್ಕೆ ಹೋಗಲು ಎಷ್ಟು ಕಷ್ಟ? ಐದನೆಯದು, ಎಲ್ಲರೂ ಕಡೆಗಣಿಸುವಂಥದ್ದು: ದಿನದ ಎಂಟು ಹತ್ತು ಗಂಟೆ ನೀವು ನಿಜವಾಗಿ ಮಾಡುವ ಕೆಲಸ ಏನು, ಅದನ್ನು ಮಾಡುತ್ತ ನಿಮ್ಮ ಮನಸ್ಸು ನೆಮ್ಮದಿಯಿಂದ ಇರುತ್ತದೆಯೇ?

ಪೇಟೆಂಟ್ ಬರವಣಿಗೆ ಮತ್ತು ಅರ್ಜಿ ನಡೆಸುವಿಕೆ

ವಿಜ್ಞಾನದ ಹಿನ್ನೆಲೆಯವರಿಗೆ ಇದು ಅತ್ಯಂತ ಸುಸ್ಪಷ್ಟವಾದ ದಾರಿ. ಆವಿಷ್ಕಾರ ಮಾಡಿದವರೊಂದಿಗೆ ಮಾತಾಡಿ, ಹಿಂದಿನ ಜ್ಞಾನಕ್ಕಿಂತ ಇದು ಎಲ್ಲಿ ಭಿನ್ನ ಎಂಬುದನ್ನು ಗುರುತಿಸಿ, ಆವಿಷ್ಕಾರದ ಪೂರ್ಣ ವಿವರಣೆಯಾದ ಸ್ಪೆಸಿಫಿಕೇಶನ್ ಬರೆದು, ರಕ್ಷಣೆ ಬೇಡುವ ಕ್ಲೇಮ್‌ಗಳನ್ನು ಪದಪದ ಅಳೆದು ರೂಪಿಸುವುದು ಇದರ ಮೊದಲ ಅರ್ಧ. ಪೇಟೆಂಟ್ ಕಚೇರಿಯಿಂದ ಪ್ರಥಮ ಪರೀಕ್ಷಾ ವರದಿ ಬಂದ ಮೇಲೆ ಆರು ತಿಂಗಳೊಳಗೆ ಆಕ್ಷೇಪಣೆಗಳಿಗೆ ಉತ್ತರ ಕೊಟ್ಟು, ಅಗತ್ಯವಾದರೆ ಆ ಕಚೇರಿಯ ನಿರ್ಣಯಾಧಿಕಾರಿಯಾದ ಕಂಟ್ರೋಲರ್ ಎದುರು ವಿಚಾರಣೆಯಲ್ಲಿ ವಾದಿಸುವುದು ಇನ್ನರ್ಧ. ಕೊನೆಗೆ ದೊರೆಯುವ ಹಕ್ಕಿನ ಅವಧಿ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ. ಆ 20 ವರ್ಷಗಳ ವ್ಯವಹಾರವೆಲ್ಲ ನೀವು ಬರೆದ ಒಂದು ಕ್ಲೇಮಿನ ಒಂದು ಪದದ ಮೇಲೆ ನಿಂತಿರಬಹುದು. ಕುಳಿತು, ಓದಿ, ಬರೆದು, ಮತ್ತೆ ತಿದ್ದುವ ಸ್ವಭಾವದವರಿಗೆ ಇದರಲ್ಲಿ ಆಳವಾದ ತೃಪ್ತಿಯಿದೆ. ಜನರ ನಡುವೆ ಇರಲು ಬಯಸುವವರಿಗೆ ಎರಡೇ ವರ್ಷದಲ್ಲಿ ಉಸಿರು ಕಟ್ಟಿದಂತಾಗುತ್ತದೆ.

ಪೇಟೆಂಟ್ ಏಜೆಂಟ್ ಪರೀಕ್ಷೆಗೆ ಎರಡು ಲಿಖಿತ ಪತ್ರಿಕೆಗಳೂ ಒಂದು ಮೌಖಿಕ ಪರೀಕ್ಷೆಯೂ ಇವೆ. ಪ್ರತಿ ಲಿಖಿತ ಪತ್ರಿಕೆಯಲ್ಲಿ ಕನಿಷ್ಠ ಶೇ 50, ಒಟ್ಟಾರೆ ಶೇ 60 ಅಂಕ ಬೇಕು. ಎಲ್‌ಎಲ್‌ಬಿ ಬೇಕಾಗಿಲ್ಲ. ಆದರೆ ಪರೀಕ್ಷೆ ವರ್ಷವರ್ಷವೂ ತಪ್ಪದೆ ನಡೆಯುತ್ತದೆ ಎಂದು ನಂಬಿ ಬದುಕಿನ ಯೋಜನೆ ಹಾಕಬೇಡಿ. ಎರಡು ಪರೀಕ್ಷೆಗಳ ನಡುವೆ ಎರಡು ಮೂರು ವರ್ಷ ಉರುಳಿದ ಉದಾಹರಣೆಗಳಿವೆ. ಅರ್ಜಿಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ ಸಲ್ಲಿಕೆಯಾಗುವುದರಿಂದ, ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ತಾಂತ್ರಿಕ ಇಂಗ್ಲಿಷ್ ಬರವಣಿಗೆಯನ್ನು ಬೇರೆಯಾಗಿಯೇ ಅಭ್ಯಾಸ ಮಾಡಬೇಕಾಗುತ್ತದೆ. ಅದು ಕಲಿಯಬಹುದಾದ ವಿದ್ಯೆ. ಪೇಟೆಂಟ್ ಭಾಷೆ ಇಂಗ್ಲಿಷ್ ಮನೆಮಾತಿನವರಿಗೂ ಹೊಸದೇ ಆದ್ದರಿಂದ ಇಲ್ಲಿ ಎಲ್ಲರೂ ಮೊದಲ ಅಕ್ಷರದಿಂದಲೇ ಆರಂಭಿಸುತ್ತಾರೆ.

ಬೆಂಗಳೂರಿಗೆ ಇದರಲ್ಲಿ ಒಂದು ವಿಶೇಷ ತೊಡಕೂ ಒಂದು ವಿಶೇಷ ಅನುಕೂಲವೂ ಇವೆ. ಕಾಯಿದೆಯ 3(ಕೆ) ಕಲಮು ಕಂಪ್ಯೂಟರ್ ಪ್ರೋಗ್ರಾಂಗೆ, ಅದು ಕೇವಲ ಪ್ರೋಗ್ರಾಂ ಆಗಿದ್ದರೆ, ಪೇಟೆಂಟ್ ನಿರಾಕರಿಸುತ್ತದೆ. ಗಣಿತ ವಿಧಾನ, ವ್ಯಾಪಾರ ವಿಧಾನ ಮತ್ತು ಅಲ್ಗಾರಿದಮ್‌ಗಳಿಗೂ ಅದೇ ಗತಿ. ತಾಂತ್ರಿಕ ಪರಿಣಾಮ ಇದೆಯೇ ಎಂಬುದನ್ನು ನೋಡಬೇಕೆಂದು ದೆಹಲಿ ಹೈಕೋರ್ಟ್ 2019ರಲ್ಲಿ ಫರೀದ್ ಅಲ್ಲಾನಿ ಪ್ರಕರಣದಲ್ಲಿ ಹೇಳಿದ ನಂತರ ವಾದಕ್ಕೆ ಅವಕಾಶ ವಿಸ್ತರಿಸಿದೆ. ಸಾಫ್ಟ್‌ವೇರ್ ಆವಿಷ್ಕಾರಗಳೇ ಹೆಚ್ಚಿರುವ ನಗರದಲ್ಲಿ ಈ ಕಲಮನ್ನು ದಾಟಿಸಬಲ್ಲ ಬರಹಗಾರರಿಗೆ ಸದಾ ಬೇಡಿಕೆಯಿದೆ. ಇನ್ನು ಔಷಧ ಮತ್ತು ಜೈವಿಕ ತಂತ್ರಜ್ಞಾನದ ಕಡೆ 3(ಡಿ) ಕಲಮು ಇದೆ. ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ ಪರಿಣಾಮಕಾರಿತ್ವ ಹೆಚ್ಚಿದೆ ಎಂದು ತೋರಿಸದ ಹೊರತು ಪೇಟೆಂಟ್ ಇಲ್ಲ ಎಂಬ ಈ ನಿಯಮವನ್ನು ಸುಪ್ರೀಂ ಕೋರ್ಟ್ 2013ರ ನೊವಾರ್ಟಿಸ್ ತೀರ್ಪಿನಲ್ಲಿ ಎತ್ತಿಹಿಡಿಯಿತು. ಜೀವವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಇದ್ದವರು ಇಲ್ಲಿ ಉಳಿದವರಿಗಿಂತ ಬಹಳ ಮುಂದಿರುತ್ತಾರೆ.

ಆದಾಯದ ದೃಷ್ಟಿಯಿಂದ ಇದು ಮೊದಲ ತಿಂಗಳಿನಿಂದಲೇ ಸಂಬಳ ತರುವ ಕೆಲಸ. ಕೊರತೆ ಎಂದರೆ, ಕರಡು ಬರೆಯುವ ದರದ ಮೇಲೆ ಪೈಪೋಟಿಯ ಒತ್ತಡ ಇದ್ದೇ ಇದೆ. ಯಂತ್ರ ಬರೆದುಕೊಡುವ ಮೊದಲ ಕರಡುಗಳು ಆ ಒತ್ತಡವನ್ನು ಹೆಚ್ಚಿಸುತ್ತಿವೆ. ಬರೀ ಬರೆಯಬಲ್ಲವರಿಗಿಂತ, ಯಾವುದನ್ನು ಕ್ಲೇಮ್ ಮಾಡಬೇಕು, ಯಾವುದನ್ನು ವ್ಯಾಪಾರ ರಹಸ್ಯವಾಗಿ ಉಳಿಸಿಕೊಳ್ಳಬೇಕು ಎಂದು ಸಲಹೆ ಕೊಡಬಲ್ಲವರೇ ಮುಂದೆ ಉಳಿಯುತ್ತಾರೆ ಎಂದು ನಾನು ನಂಬಿದ್ದೇನೆ.

ವ್ಯಾಜ್ಯ: ದೆಹಲಿಯೋ, ಚೆನ್ನೈಯೋ, ಬೆಂಗಳೂರೋ

ವಾದಿಸುವ ಹಂಬಲ ಇರುವವರಿಗೆ ಊರಿನ ಆಯ್ಕೆಯೇ ವೃತ್ತಿಯ ಆಯ್ಕೆ. ಇದರ ಕಾರಣ ನ್ಯಾಯಾಲಯಗಳ ರಚನೆಯಲ್ಲಿದೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳಬೇಕು.

ದೆಹಲಿ, ಬಾಂಬೆ, ಮದ್ರಾಸ್ ಮತ್ತು ಕಲ್ಕತ್ತ ಹೈಕೋರ್ಟುಗಳಿಗೆ ಸಿವಿಲ್ ದಾವೆಗಳನ್ನು ನೇರವಾಗಿ ದಾಖಲಿಸಿಕೊಳ್ಳುವ ಮೂಲ ಅಧಿಕಾರವಿದೆ. ಕರ್ನಾಟಕ ಹೈಕೋರ್ಟಿಗೆ ಅಂಥ ಸಾಮಾನ್ಯ ಮೂಲ ಅಧಿಕಾರವಿಲ್ಲ. ಬೆಂಗಳೂರಿನಲ್ಲಿ ಟ್ರೇಡ್‌ಮಾರ್ಕ್ ಉಲ್ಲಂಘನೆಯ ದಾವೆ ಹೂಡಬೇಕಾದರೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆಯಡಿ ರೂಪುಗೊಂಡ, ಸಿಟಿ ಸಿವಿಲ್ ಕೋರ್ಟಿನ ವಾಣಿಜ್ಯ ನ್ಯಾಯಾಲಯಗಳಿಗೆ ಹೋಗಬೇಕು. ಪೇಟೆಂಟ್ ಉಲ್ಲಂಘನೆಯ ದಾವೆಯೂ ಅಲ್ಲೇ ಆರಂಭವಾಗುತ್ತದೆ. ಪ್ರತಿವಾದಿ ಪೇಟೆಂಟನ್ನೇ ರದ್ದುಪಡಿಸಬೇಕೆಂದು ಪ್ರತಿದಾವೆ ಹಾಕಿದರೆ ಕಾಯಿದೆಯ 104ನೆಯ ಕಲಮಿನಂತೆ ಹೈಕೋರ್ಟಿಗೆ ವರ್ಗವಾಗುತ್ತದೆ. ಇದರ ಮೇಲೆ, ಕರ್ನಾಟಕದ ಅರ್ಜಿದಾರರಿಗೆ ಪೇಟೆಂಟ್ ಕಚೇರಿಯೂ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯೂ ಚೆನ್ನೈಯಲ್ಲಿವೆ. ಬೌದ್ಧಿಕ ಸ್ವತ್ತು ಮೇಲ್ಮನವಿ ಮಂಡಳಿಯನ್ನು 2021ರಲ್ಲಿ ರದ್ದುಪಡಿಸಿದ ಮೇಲೆ ಆ ಮೇಲ್ಮನವಿಗಳೆಲ್ಲ ಹೈಕೋರ್ಟುಗಳಿಗೆ ಬಂದವು. ಚೆನ್ನೈ ಪೇಟೆಂಟ್ ಕಚೇರಿಯ ಆದೇಶದ ವಿರುದ್ಧದ ಮೇಲ್ಮನವಿ ಮದ್ರಾಸ್ ಹೈಕೋರ್ಟಿಗೆ ಹೋಗುತ್ತದೆ. ದೆಹಲಿ ಹೈಕೋರ್ಟ್ ಅದೇ ವರ್ಷ ಬೌದ್ಧಿಕ ಸ್ವತ್ತಿಗಾಗಿಯೇ ಪ್ರತ್ಯೇಕ ವಿಭಾಗ ತೆರೆಯಿತು, ಮದ್ರಾಸ್ ಹೈಕೋರ್ಟ್ ಅದನ್ನು ಅನುಸರಿಸಿತು.

ಪರಿಣಾಮ ಕಣ್ಣೆದುರಿಗಿದೆ. ಬೆಂಗಳೂರಿನ ಬಯೋಕಾನ್ ವಿರುದ್ಧ ರೋಶ್ ಕಂಪನಿ ಟ್ರಾಸ್ಟುಜುಮಾಬ್ ಔಷಧಕ್ಕಾಗಿ ದಾವೆ ಹೂಡಿದ್ದು ದೆಹಲಿಯಲ್ಲಿ. ಮೊಬೈಲ್ ತಂತ್ರಜ್ಞಾನದ ಅತ್ಯಗತ್ಯ ಪೇಟೆಂಟುಗಳ ವಿಚಾರದಲ್ಲಿ ಲಾವಾ ಕಂಪನಿ ಎರಿಕ್ಸನ್‌ಗೆ 244 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು 2024ರಲ್ಲಿ ತೀರ್ಪು ಬಂದದ್ದು ದೆಹಲಿಯಲ್ಲಿ. ಸುದ್ದಿಯನ್ನು ಬಳಸಿಕೊಂಡು ಕೃತಕ ಬುದ್ಧಿಮತ್ತೆಯ ಮಾದರಿಗಳಿಗೆ ತರಬೇತಿ ಕೊಡುವುದು ಕೃತಿಸ್ವಾಮ್ಯದ ಉಲ್ಲಂಘನೆಯೇ ಎಂಬ ಪ್ರಶ್ನೆಯನ್ನು ಎಎನ್‌ಐ ಸಂಸ್ಥೆ ಓಪನ್‌ಎಐ ವಿರುದ್ಧ 2024ರ ನವೆಂಬರ್‌ನಲ್ಲಿ ಎತ್ತಿದ್ದೂ ದೆಹಲಿಯಲ್ಲೇ. ದೊಡ್ಡ ಪೇಟೆಂಟ್ ವ್ಯಾಜ್ಯದಲ್ಲಿ ಹೆಸರು ಮಾಡಬೇಕೆಂಬ ಗುರಿ ನಿಮ್ಮದಾದರೆ ಮೊದಲ ನಾಲ್ಕೈದು ವರ್ಷ ದೆಹಲಿಯಲ್ಲಿ ಕಳೆಯುವುದು ಒಳ್ಳೆಯದು ಎಂದೇ ನನ್ನ ಸಲಹೆ. ಅದರ ಬೆಲೆ ದುಬಾರಿ ಬಾಡಿಗೆ, ಮನೆಯಿಂದ ದೂರ, ಹಿಂದಿಯ ರೂಢಿ, ಮತ್ತು ಕರ್ನಾಟಕದ ವಕೀಲ ವಲಯದಲ್ಲಿ ನಿಮ್ಮ ಪರಿಚಯ ಬೆಳೆಯದೆ ಹೋಗುವುದು.

ಹಾಗೆಂದು ಬೆಂಗಳೂರನ್ನು ಎರಡನೆಯ ದರ್ಜೆಯ ಆಯ್ಕೆ ಎಂದು ತಿಳಿಯಬಾರದು. ಇಲ್ಲಿಯ ಹೈಕೋರ್ಟಿನ ಬಲ ಬೇರೆ ಕಡೆ ಇದೆ: ತಂತ್ರಜ್ಞಾನ ಮತ್ತು ಸರ್ಕಾರದ ನಡುವಿನ ರಿಟ್ ಅರ್ಜಿಗಳಲ್ಲಿ. ಆನ್‌ಲೈನ್ ಆಟಗಳನ್ನು ನಿಷೇಧಿಸಿದ ರಾಜ್ಯದ ತಿದ್ದುಪಡಿಯನ್ನು 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿದ್ದು ಕರ್ನಾಟಕ ಹೈಕೋರ್ಟ್. ಖಾತೆಗಳನ್ನು ತಡೆಹಿಡಿಯುವ ಕೇಂದ್ರದ ಆದೇಶಗಳ ವಿರುದ್ಧ ಟ್ವಿಟರ್ ಸಲ್ಲಿಸಿದ್ದ ಅರ್ಜಿಯನ್ನು 2023ರ ಜೂನ್‌ನಲ್ಲಿ 50 ಲಕ್ಷ ರೂಪಾಯಿ ದಂಡದೊಂದಿಗೆ ವಜಾ ಮಾಡಿದ್ದು, ಅಂತರ್ಜಾಲದ ವಿಷಯ ತೆಗೆದುಹಾಕಲು ಸರ್ಕಾರ ಸೂಚನೆ ಕಳುಹಿಸುವ ಸಹಯೋಗ್ ಪೋರ್ಟಲನ್ನು ಪ್ರಶ್ನಿಸಿದ ಎಕ್ಸ್ ಕಾರ್ಪ್ (ಹಿಂದಿನ ಟ್ವಿಟರ್) ಅರ್ಜಿಯನ್ನು 2025ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿದ್ದೂ ಇದೇ ನ್ಯಾಯಾಲಯ. ಆ ತೀರ್ಪುಗಳನ್ನು ನೀವು ಒಪ್ಪಿದರೂ ಒಪ್ಪದಿದ್ದರೂ, ದೇಶದ ಅಂತರ್ಜಾಲ ಕಾನೂನಿನ ದೊಡ್ಡ ವಾದಗಳು ಇಲ್ಲಿ ನಡೆಯುತ್ತಿವೆ ಎಂಬುದು ನಿಜ. ಸಂವಿಧಾನದಲ್ಲಿ ಆಸಕ್ತಿಯಿದ್ದು ತಂತ್ರಜ್ಞಾನವನ್ನೂ ಅರ್ಥ ಮಾಡಿಕೊಳ್ಳಬಲ್ಲವರಿಗೆ ಬೆಂಗಳೂರೇ ಸರಿಯಾದ ಊರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಘೋಷಿಸಿದ ಪ್ರಕರಣದ ಅರ್ಜಿದಾರರಾದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಇದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು ಎಂಬುದನ್ನು ನೆನೆದಾಗ ನನಗೆ ಇಂದಿಗೂ ಹೆಮ್ಮೆಯಾಗುತ್ತದೆ.

ಟ್ರೇಡ್‌ಮಾರ್ಕ್ ವ್ಯಾಜ್ಯವಂತೂ ಎಲ್ಲ ಊರುಗಳಲ್ಲೂ ಇದೆ. ಹಾಲಿನ ‘ನಂದಿನಿ’ಗೂ ಬೆಂಗಳೂರಿನ ‘ನಂಧಿನಿ ಡಿಲಕ್ಸ್’ ಉಪಾಹಾರ ಗೃಹಕ್ಕೂ ನಡೆದ ವಿವಾದ ಟ್ರೇಡ್‌ಮಾರ್ಕ್ ರಿಜಿಸ್ಟ್ರಿ, ಮೇಲ್ಮನವಿ ಮಂಡಳಿ, ಕರ್ನಾಟಕ ಹೈಕೋರ್ಟ್ ದಾಟಿ 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಉಪಾಹಾರ ಗೃಹದ ಪರವಾಗಿ ಮುಗಿಯಿತು. ಒಂದು ಹೆಸರಿನ ಸುತ್ತ ಎಷ್ಟು ಕಾನೂನು ಬೆಳೆಯುತ್ತದೆ ಎಂಬುದನ್ನು ಕಲಿಯಲು ಆ ತೀರ್ಪನ್ನು ಆರಂಭದಲ್ಲೇ ಓದಿ.

ವ್ಯಾಜ್ಯದ ದೊಡ್ಡ ಕೊರತೆ ಹಣ. ಹೊಸ ವಕೀಲರಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000 ರೂಪಾಯಿ, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಶಿಷ್ಯವೇತನ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ಆದರೆ ಅದು ಶಿಫಾರಸು, ಕಡ್ಡಾಯವಲ್ಲ. ಸೀನಿಯರ್ ಕಚೇರಿಗೆ ಸೇರುವ ಮೊದಲು ಎಷ್ಟು ಕೊಡುತ್ತೀರಿ ಎಂದು ಕೇಳಲು ಹಿಂಜರಿಯಬೇಡಿ. ಅಷ್ಟೇ ಮುಖ್ಯವಾಗಿ, ಎಷ್ಟು ಕಾಲದ ನಂತರ ಸ್ವತಃ ವಾದಿಸಲು ಅವಕಾಶ ಸಿಗುತ್ತದೆ ಎಂದೂ ಕೇಳಿ. ಪರಿಶಿಷ್ಟ ಜಾತಿಯ ಕಾನೂನು ಪದವೀಧರರಿಗೆ ತರಬೇತಿ ಅವಧಿಯಲ್ಲಿ ಸಮಾಜ ಕಲ್ಯಾಣ ಇಲಾಖೆಯ ಶಿಷ್ಯವೇತನ ಯೋಜನೆಯಿದೆ. ಅರ್ಹರು ಅದನ್ನು ಬಿಟ್ಟುಕೊಡಬಾರದು.

ಲಾ ಫರ್ಮಿನ ತಂತ್ರಜ್ಞಾನ ವಿಭಾಗ

ಸಾಫ್ಟ್‌ವೇರ್ ಪರವಾನಗಿ, ಕ್ಲೌಡ್ ಸೇವೆಯ ಕರಾರು, ಹೂಡಿಕೆಗೆ ಮುನ್ನ ನವೋದ್ಯಮದ ಬೌದ್ಧಿಕ ಸ್ವತ್ತಿನ ಪರಿಶೀಲನೆ, ದತ್ತಾಂಶ ರಕ್ಷಣೆಯ ಸಲಹೆ ಇವೆಲ್ಲ ಇಲ್ಲಿಯ ಕೆಲಸ. ವಿಜ್ಞಾನದ ಪದವಿ ಬೇಕಿಲ್ಲ. ಆದರೆ ಒಂದು ಆ್ಯಪ್ ಮಾಹಿತಿಯನ್ನು ಎಲ್ಲಿಂದ ಪಡೆದು ಎಲ್ಲಿ ಇಟ್ಟುಕೊಳ್ಳುತ್ತದೆ ಎಂದು ಇಂಜಿನಿಯರನ್ನು ಕೇಳಿ ಅರ್ಥ ಮಾಡಿಕೊಳ್ಳುವ ಕುತೂಹಲ ಬೇಕೇ ಬೇಕು. ವಿಜ್ಞಾನೇತರ ಹಿನ್ನೆಲೆಯವರಲ್ಲಿ ಸ್ಥಿರ ಸಂಬಳ ಬೇಕಾದವರಿಗೆ ಇದೇ ಮೊದಲ ಆಯ್ಕೆಯಾಗಬಹುದು.

ಈಗ ಇಲ್ಲಿ ಬೇಡಿಕೆ ಹೆಚ್ಚಿರುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಿಂದ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಅಧಿಸೂಚಿತವಾಗಿ, ಪ್ರಮುಖ ಕರ್ತವ್ಯಗಳಿಗೆ 18 ತಿಂಗಳ ಕಾಲಾವಕಾಶ ಸಿಕ್ಕಿತು. ಭದ್ರತಾ ಕ್ರಮಗಳಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದಾದ್ದರಿಂದ ಕಂಪನಿಗಳು ಇದನ್ನು ಲಘುವಾಗಿ ತೆಗೆದುಕೊಳ್ಳುವಂತಿಲ್ಲ. ಐರೋಪ್ಯ ಗ್ರಾಹಕರಿರುವ ಬೆಂಗಳೂರಿನ ಕಂಪನಿಗಳಿಗೆ 2018ರಿಂದ ಜಾರಿಯಲ್ಲಿರುವ ಅಲ್ಲಿಯ ದತ್ತಾಂಶ ನಿಯಮಗಳೂ ಅನ್ವಯವಾಗಬಹುದು. ಆದರೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ದತ್ತಾಂಶ ರಕ್ಷಣೆಯ ಸಲಹೆ ಕೊಡುವುದು ವಕೀಲರಿಗೆ ಮಾತ್ರ ಮೀಸಲಾದ ಕೆಲಸವಲ್ಲ. ಲೆಕ್ಕಪರಿಶೋಧಕರು, ಭದ್ರತಾ ತಜ್ಞರು, ಪ್ರಮಾಣಪತ್ರ ಪಡೆದ ಸಲಹೆಗಾರರು ಎಲ್ಲರೂ ಇದೇ ಕೆಲಸಕ್ಕೆ ಸ್ಪರ್ಧಿಸುತ್ತಾರೆ. ಖಾಸಗಿತನ ನೀತಿಯ ಮಾದರಿ ಪ್ರತಿಗಳನ್ನು ತುಂಬುವುದರಲ್ಲೇ ಮೂರು ವರ್ಷ ಕಳೆದವರಿಗೆ ಈ ಬೇಡಿಕೆ ಇಳಿದ ದಿನ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ; ಕರಾರು ಬರೆಯುವ, ಎದುರು ಪಕ್ಷದೊಂದಿಗೆ ಚೌಕಾಸಿ ಮಾಡುವ ವಿದ್ಯೆಯನ್ನು ಜೊತೆಜೊತೆಗೇ ಕಲಿತವರಿಗೆ ಆ ಭಯವಿಲ್ಲ.

ದುಡಿಮೆಯ ಗಂಟೆಗಳು ದೀರ್ಘ. ವ್ಯವಹಾರ ಮುಗಿಯಬೇಕಾದ ರಾತ್ರಿಗಳಲ್ಲಿ ಮನೆಯ ಊಟ ತಪ್ಪುತ್ತದೆ. ಆದರೆ ಲಾ ಫರ್ಮಿನಲ್ಲಿ ವಕೀಲರಾಗಿ ದುಡಿಯುವಾಗ ಸನ್ನದು ಸಾಮಾನ್ಯವಾಗಿ ಜೀವಂತವಾಗಿಯೇ ಇರುತ್ತದೆ, ಇಲ್ಲಿಂದ ಕಂಪನಿಗೂ ಸ್ವತಂತ್ರ ವೃತ್ತಿಗೂ ಹೋಗುವುದು ಸುಲಭ. ಹಿಂದಿರುಗುವ ದಾರಿಯ ಅಳತೆಗೋಲಿನಲ್ಲಿ ಉಳಿದೆಲ್ಲಕ್ಕಿಂತ ಹೆಚ್ಚು ಅಂಕ ಇದಕ್ಕೇ.

ಕಂಪನಿಯೊಳಗಿನ ವಕೀಲಿಕೆ

ಬೆಂಗಳೂರಿನಲ್ಲಿ ಜಾಗತಿಕ ಕಂಪನಿಗಳ ಸಂಶೋಧನಾ ಕೇಂದ್ರಗಳು ಹೆಚ್ಚಿದಂತೆ ಇಂಥ ಹುದ್ದೆಗಳೂ ಹೆಚ್ಚಿವೆ. ಕೆಲಸ ನಿಜಕ್ಕೂ ಸ್ವಾರಸ್ಯಕರ. ಉದಾಹರಣೆಗೆ, ಇಲ್ಲಿಯ ಪ್ರಯೋಗಾಲಯದಲ್ಲಿ ನಡೆದ ಆವಿಷ್ಕಾರಕ್ಕೆ ಅಮೆರಿಕದಲ್ಲಿ ಮೊದಲು ಅರ್ಜಿ ಹಾಕಬೇಕೆಂದು ಮುಖ್ಯ ಕಚೇರಿ ಹೇಳಬಹುದು. ಭಾರತದ ನಿವಾಸಿ ಆವಿಷ್ಕಾರಕರಿದ್ದರೆ ಪೇಟೆಂಟ್ ಕಾಯಿದೆಯ 39ನೆಯ ಕಲಮಿನಂತೆ ಪೂರ್ವಾನುಮತಿ ಪಡೆಯದೆ ಹಾಗೆ ಮಾಡುವುದು ಶಿಕ್ಷಾರ್ಹ. ಇದನ್ನು ಸಮಯಕ್ಕೆ ಸರಿಯಾಗಿ ನೆನಪಿಸುವವರು ನೀವೇ. ನೌಕರರು ಬರೆದ ಸಾಫ್ಟ್‌ವೇರಿನ ಕೃತಿಸ್ವಾಮ್ಯ ಸಾಮಾನ್ಯವಾಗಿ ಮಾಲೀಕರದ್ದಾದರೂ, ಪೇಟೆಂಟ್ ಹಕ್ಕಿನ ವರ್ಗಾವಣೆಗೆ ಬರಹದ ಒಪ್ಪಂದ ಬೇಕು ಎಂಬ ವ್ಯತ್ಯಾಸ, ಮುಕ್ತ ತಂತ್ರಾಂಶದ ಪರವಾನಗಿ ಷರತ್ತುಗಳು ಉತ್ಪನ್ನದೊಳಗೆ ಸದ್ದಿಲ್ಲದೆ ಸೇರಿಕೊಂಡಿವೆಯೇ ಎಂಬ ತಪಾಸಣೆ, ಇವೆಲ್ಲ ನಿತ್ಯದ ಕೆಲಸಗಳು. ಸಂಬಳ ಖಚಿತ, ರಜೆ ಖಚಿತ, ಸಮಯವೂ ಬಹುಮಟ್ಟಿಗೆ ನಿಮ್ಮ ಹಿಡಿತದಲ್ಲಿರುತ್ತದೆ. ಚಿಕ್ಕ ಮಕ್ಕಳಿರುವವರಿಗೂ ವಯಸ್ಸಾದ ತಂದೆತಾಯಿಯರನ್ನು ನೋಡಿಕೊಳ್ಳುವವರಿಗೂ ಇದರ ಮಹತ್ವ ಗೊತ್ತು.

ಬೆಲೆ ಸನ್ನದಿನ ರೂಪದಲ್ಲಿ ತೆರಬೇಕು. ಪೂರ್ಣಾವಧಿ ಸಂಬಳದ ನೌಕರರಾಗಿರುವವರೆಗೆ ವಕೀಲಿಕೆ ಮಾಡುವಂತಿಲ್ಲ ಎಂದು ವಕೀಲರ ಪರಿಷತ್ತಿನ 49ನೆಯ ನಿಯಮ ಹೇಳುತ್ತದೆ. ಕೆಲಸಕ್ಕೆ ಸೇರಿದ ಕೂಡಲೇ ರಾಜ್ಯ ಪರಿಷತ್ತಿಗೆ ತಿಳಿಸಬೇಕು. ಆ ವರ್ಷಗಳು ವಕೀಲಿಕೆಯ ಅನುಭವವೆಂದು ಲೆಕ್ಕಕ್ಕೆ ಬರುವುದಿಲ್ಲ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ ಮೂರು ವರ್ಷದ ವೃತ್ತಿ ಅನುಭವ ಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಮರಳಿ ತಂದಿದೆ. ಮುಂದೊಂದು ದಿನ ನ್ಯಾಯಾಂಗ ಸೇವೆಗೆ ಹೋಗುವ ಆಸೆ ಇರುವವರು ಪದವಿ ಮುಗಿದೊಡನೆ ಕಂಪನಿ ಸೇರುವುದು ಆ ಬಾಗಿಲನ್ನು ತಾವೇ ಮುಂದಕ್ಕೆ ಎಳೆದುಕೊಂಡಂತೆ. ಕಕ್ಷಿದಾರರೊಂದಿಗಿನ ಮಾತುಕತೆಗೆ ವಕೀಲರಿಗಿರುವ ಕಾನೂನು ರಕ್ಷಣೆ ಕಂಪನಿಯ ನೌಕರ ವಕೀಲರಿಗೆ ಅದೇ ಪ್ರಮಾಣದಲ್ಲಿ ಸಿಗುವುದಿಲ್ಲ ಎಂದೂ ಸುಪ್ರೀಂ ಕೋರ್ಟ್ ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೇಳಿದೆ. ನನ್ನ ಅಭಿಪ್ರಾಯದಲ್ಲಿ ಕಂಪನಿಯ ಕೆಲಸ ನಾಲ್ಕೈದು ವರ್ಷ ಹೊರಗೆ ದುಡಿದ ಮೇಲೆ ಆರಿಸಿಕೊಂಡರೆ ಬಹಳ ಒಳ್ಳೆಯ ಕೆಲಸ. ಮೊದಲ ಕೆಲಸವಾಗಿ ಅಷ್ಟು ಒಳ್ಳೆಯದಲ್ಲ. ಅಲ್ಲಿ ನಿಮಗೆ ಹೇಳಿಕೊಡುವ ಹಿರಿಯರು ಒಬ್ಬಿಬ್ಬರೇ ಇರುತ್ತಾರೆ, ಮತ್ತು ನಿಮ್ಮ ಜ್ಞಾನ ಆ ಕಂಪನಿಯ ಉತ್ಪನ್ನದ ಆಕಾರವನ್ನೇ ತಾಳುತ್ತದೆ. ಆದರೆ ಮನೆಯ ಸಾಲ ಕಾಯುವುದಿಲ್ಲ ಎನ್ನುವವರು ಈ ಮಾತಿನಿಂದ ಎದೆಗುಂದಬೇಕಾಗಿಲ್ಲ. ಕೆಲಸ ಬಿಟ್ಟ ಮೇಲೆ ಪರಿಷತ್ತಿಗೆ ಅರ್ಜಿ ಕೊಟ್ಟು ವೃತ್ತಿಗೆ ಮರಳಲು ಅವಕಾಶವಿದೆ.

ಜಿಲ್ಲೆಯಲ್ಲಿ ಸ್ವತಂತ್ರ ವೃತ್ತಿ

ಈ ಆಯ್ಕೆಯನ್ನು ಯಾರೂ ಪಟ್ಟಿಯಲ್ಲಿ ಸೇರಿಸುವುದಿಲ್ಲ, ನಾನು ಸೇರಿಸುತ್ತೇನೆ. ಟ್ರೇಡ್‌ಮಾರ್ಕ್ ಅರ್ಜಿ ಇಂದು ಆನ್‌ಲೈನ್. ವ್ಯಕ್ತಿಗಳಿಗೆ, ನವೋದ್ಯಮಗಳಿಗೆ ಮತ್ತು ಸಣ್ಣ ಉದ್ದಿಮೆಗಳಿಗೆ ಒಂದು ವರ್ಗಕ್ಕೆ ಸರ್ಕಾರಿ ಶುಲ್ಕ 4,500 ರೂಪಾಯಿ, ಉಳಿದವರಿಗೆ 9,000. ವಕೀಲರಿಗೆ ಬೇರೆ ಏಜೆಂಟ್ ಪರೀಕ್ಷೆ ಬೇಕಿಲ್ಲ, ವಿಜ್ಞಾನದ ಪದವಿಯೂ ಬೇಕಿಲ್ಲ. ನೋಂದಣಿ ಹತ್ತು ವರ್ಷಕ್ಕೊಮ್ಮೆ ನವೀಕರಣವಾಗುವುದರಿಂದ ಇಂದು ನಂಬಿ ಬಂದ ಕಕ್ಷಿದಾರರು ಮತ್ತೆ ಬರುತ್ತಾರೆ. ಅಕ್ಕಿ ಗಿರಣಿ, ಬೇಕರಿ, ಸೀರೆ ಅಂಗಡಿ, ಮಸಾಲೆ ಪುಡಿ, ಕೃಷಿ ಉಪಕರಣ ತಯಾರಕರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಹೆಸರನ್ನು ಬೇರೆಯವರು ನೋಂದಾಯಿಸಿಕೊಂಡ ಮೇಲೆ ಬೆಂಗಳೂರಿಗೆ ಓಡುವವರೇ ಅವರಲ್ಲಿ ಹೆಚ್ಚು.

ಇದರ ಜೊತೆಗೆ ಭೌಗೋಳಿಕ ಸೂಚಕಗಳಿವೆ, ಅಂದರೆ ಒಂದು ಊರಿನ ವಿಶೇಷ ಉತ್ಪನ್ನದ ಹೆಸರಿಗೆ ಸಿಗುವ ರಕ್ಷಣೆ. ಧಾರವಾಡ ಪೇಡ, ಇಳಕಲ್ ಸೀರೆ, ಬ್ಯಾಡಗಿ ಮೆಣಸಿನಕಾಯಿ, ಬೀದರಿನ ಬಿದ್ರಿ ಕಲೆ, ಚನ್ನಪಟ್ಟಣದ ಗೊಂಬೆ, ಉಡುಪಿಯ ಮಟ್ಟುಗುಳ್ಳ ಎಲ್ಲವೂ ನೋಂದಾಯಿತ. ಆದರೆ ಆ ಹಕ್ಕನ್ನು ಬಳಸಲು ನೇಕಾರರು, ಬೆಳೆಗಾರರು ಅಧಿಕೃತ ಬಳಕೆದಾರರಾಗಿ ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು. ಈ ಕಾಗದಪತ್ರಗಳನ್ನು ಅವರಿಗೆ ಕನ್ನಡದಲ್ಲಿ ವಿವರಿಸಿ ಮಾಡಿಕೊಡಬಲ್ಲ ವಕೀಲರು ಎಲ್ಲಿದ್ದಾರೆ? ಹಣ ಇದರಲ್ಲಿ ಕಡಿಮೆ, ನಿಜ. ಆದರೂ ಇದು ಬೇಕಾದ ಕೆಲಸ, ಮತ್ತು ಇದನ್ನು ಚೆನ್ನಾಗಿ ಮಾಡಿದವರನ್ನು ಊರು ಮರೆಯುವುದಿಲ್ಲ. ಉಲ್ಲಂಘನೆಯ ದಾವೆಯನ್ನು ಜಿಲ್ಲಾ ಮಟ್ಟದ ನ್ಯಾಯಾಲಯದಲ್ಲೇ ಹೂಡಬಹುದು, ಸಾಕ್ಷಿ ವಿಚಾರಣೆಯಲ್ಲಿ ನಿಮ್ಮ ಕನ್ನಡವೇ ನಿಮ್ಮ ಬಲ. ಮುಂದಿನ ಹಂತಕ್ಕೆ ಧಾರವಾಡ, ಕಲಬುರಗಿ ಪೀಠಗಳು ಹತ್ತಿರದಲ್ಲಿವೆ. ಜಾಹೀರಾತು ಕೊಡಲು ವಕೀಲರಿಗೆ ನಿಷೇಧವಿರುವುದರಿಂದ ಮೊದಲ ಎರಡು ವರ್ಷ ಬಹಳ ನಿಧಾನ. ಭೂಮಿ ವ್ಯಾಜ್ಯ, ಚೆಕ್ ಪ್ರಕರಣಗಳ ಜೊತೆಗೆ ಇದನ್ನು ಬೆಳೆಸಿಕೊಳ್ಳಬೇಕೇ ಹೊರತು ಇದೊಂದನ್ನೇ ನೆಚ್ಚಬಾರದು.

ಹಣಕ್ಕೆ ತಕ್ಕ ಸಿದ್ಧತೆ

ಕೈಯಲ್ಲಿ ಹಣ ಕಡಿಮೆ ಇದ್ದರೆ ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯ ಅಕಾಡೆಮಿ ನಡೆಸುವ ಉಚಿತ ಪ್ರಾಥಮಿಕ ದೂರಶಿಕ್ಷಣದಿಂದ ಆರಂಭಿಸಿ. ಅದಕ್ಕಿಂತ ಮುಖ್ಯವಾಗಿ, ಭಾರತೀಯ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಪ್ರಕಟಿತ ಅರ್ಜಿಗಳ ಕಡತಗಳನ್ನು ಯಾರು ಬೇಕಾದರೂ ಓದಬಹುದು. ಒಂದು ಅರ್ಜಿ, ಅದರ ಪರೀಕ್ಷಾ ವರದಿ, ಅದಕ್ಕೆ ಕೊಟ್ಟ ಉತ್ತರ, ಕೊನೆಯ ಆದೇಶ, ಈ ನಾಲ್ಕನ್ನೂ ಸಾಲಾಗಿ ಓದುವುದು ಎಷ್ಟೋ ದುಬಾರಿ ಪ್ರಮಾಣಪತ್ರಗಳಿಗಿಂತ ಹೆಚ್ಚು ಕಲಿಸುತ್ತದೆ. ಸ್ವಲ್ಪ ಹಣ ಹೊಂದಿಸಬಲ್ಲವರಿಗೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ದೂರಶಿಕ್ಷಣ ಡಿಪ್ಲೊಮಾ ಒಳ್ಳೆಯ ತಳಹದಿ. ವಿದೇಶದ ಎಲ್‌ಎಲ್‌ಎಂ ಬಗ್ಗೆ ನನ್ನ ನಿಲುವು ಕಟ್ಟುನಿಟ್ಟಾದದ್ದು: ಸಾಲ ಮಾಡಿ ಹೋಗುವುದಾದರೆ ಎರಡು ಮೂರು ವರ್ಷ ಇಲ್ಲಿ ದುಡಿದು, ಏನನ್ನು ಕಲಿಯಲು ಹೋಗುತ್ತಿದ್ದೀರಿ ಎಂಬುದು ಸ್ಪಷ್ಟವಾದ ಮೇಲೆ ಹೋಗಿ.

ಇನ್ನು ನಿಮ್ಮ ನಿಮ್ಮ ಸ್ಥಿತಿಗೆ ತಕ್ಕ ಮಾತು. ವಿಜ್ಞಾನದ ಪದವಿ ಇದ್ದು, ಏಕಾಂತದ ಬರವಣಿಗೆ ಒಗ್ಗುವುದಾದರೆ ಪೇಟೆಂಟ್ ಕಡತದಿಂದ ಆರಂಭಿಸಿ. ಅಲ್ಲಿಂದ ವ್ಯಾಜ್ಯಕ್ಕೆ ಹೋಗಬಹುದು, ಆದರೆ ವ್ಯಾಜ್ಯದಿಂದ ಪೇಟೆಂಟ್ ಬರವಣಿಗೆಗೆ ಬರುವುದು ಕಷ್ಟ. ಮನೆಯವರ ಆಸರೆ ಕೆಲವು ವರ್ಷ ಸಿಗುವುದಾದರೆ, ವಾದವೇ ಪ್ರಾಣವಾದರೆ, ವ್ಯಾಜ್ಯವನ್ನು ಮುಂದೂಡಬೇಡಿ. ವಿಜ್ಞಾನವೂ ಇಲ್ಲ, ಆಸರೆಯೂ ಇಲ್ಲ ಎನ್ನುವವರು ಲಾ ಫರ್ಮಿನ ತಂತ್ರಜ್ಞಾನ ವಿಭಾಗವನ್ನೋ, ಬೆಂಗಳೂರಿನ ಟ್ರೇಡ್‌ಮಾರ್ಕ್ ವಕೀಲರ ಕಚೇರಿಯೊಂದನ್ನೋ ಸೇರಿ ಮೂರು ವರ್ಷ ಕೆಲಸ ಕಲಿತು ನಂತರ ಊರಿಗೆ ಮರಳುವ ಅಥವಾ ಕಂಪನಿಗೆ ಹೋಗುವ ನಿರ್ಧಾರ ಮಾಡಲಿ.

ಉಳಿದವರು ಮೂವತ್ತು ದಾಟಿದ, ಮನೆ ಸಾಲದ ಕಂತು ಕಟ್ಟುತ್ತಿರುವ ಇಂಜಿನಿಯರುಗಳು. ಕೆಲಸ ಬಿಟ್ಟು ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಲೇ ಎಂಬುದು ಅವರ ಪ್ರಶ್ನೆ. ಎಲ್‌ಎಲ್‌ಬಿ ಹಾಜರಾತಿ ಬೇಡುವ ನಿಯತ ವ್ಯಾಸಂಗ. ಪೂರ್ಣಾವಧಿ ಉದ್ಯೋಗದ ಜೊತೆ ಪ್ರಾಮಾಣಿಕವಾಗಿ ನಡೆಸುವುದು ಕಠಿಣ. ಪೇಟೆಂಟ್ ಏಜೆಂಟ್ ಪರೀಕ್ಷೆಗಾದರೋ ಈಗಿರುವ ಪದವಿಯೇ ಸಾಕು, ಸಂಜೆಯ ಓದು ಸಾಕು. ಅದರಲ್ಲಿ ಉತ್ತೀರ್ಣರಾದರೆ ತಮ್ಮದೇ ಕಂಪನಿಯ ಪೇಟೆಂಟ್ ತಂಡಕ್ಕೋ ಹೊರಗಿನ ಕಚೇರಿಗೋ ಸಂಬಳ ಕಳೆದುಕೊಳ್ಳದೆ ಹೋಗುವ ಅವಕಾಶ ತೆರೆಯುತ್ತದೆ, ಕ್ಲೇಮ್ ಬರೆಯುವ ಕೆಲಸ ಮನಸ್ಸಿಗೆ ಹಿಡಿಸುತ್ತದೆಯೇ ಎಂಬುದೂ ತಿಳಿಯುತ್ತದೆ. ಎಲ್‌ಎಲ್‌ಬಿಗೆ ಸೇರುವ ನಿರ್ಧಾರವನ್ನು ಆ ಅನುಭವ ಒಂದು ವರ್ಷವಾದರೂ ಆದ ಮೇಲೆ ಮಾಡಿದರೆ ತಡವೇನೂ ಆಗುವುದಿಲ್ಲ.